ಹಬ್ಬದ ಉಡುಗೊರೆಯಲ್ಲಿ ದೊಡ್ಡ ಮಕ್ಕಳನ್ನು ಮರೆಯಬೇಡಿ

ದೀಪಾವಳಿ, ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಮುಂಬೈ ಕಡೆಯ ಮಾಟುಂಗ, ಮುಲುಂಡ್, ಡೊಂಬಿವಲಿಯ ನಮ್ಮ ಕನ್ನಡಿಗರ ಮನೆಗಳಲ್ಲಿ ಮಕ್ಕಳ ಆಶ್ರಮಕ್ಕೆ ಏನಾದರೂ ಕೊಡೋಣ ಎಂಬ ಮಾತು ಏಳುತ್ತದೆ. ಖಂಡಿತ ಕೊಡಿ. ಆದರೆ ಅಂಗಡಿಗೆ ಹೊರಡುವ ಮೊದಲು ಅಲ್ಲಿಯ ಮೇಲ್ವಿಚಾರಕರಿಗೆ ಫೋನ್ ಮಾಡಿ, ಎಷ್ಟು ಮಕ್ಕಳು, ಯಾರಿಗೆಷ್ಟು ವಯಸ್ಸು, ಬಟ್ಟೆ-ಚಪ್ಪಲಿ ಅಳತೆಯೇನು ಎಂದು ಕೇಳಿ ಬರೆದುಕೊಳ್ಳಿ.

ಎಲ್ಲರೂ ಕರಡಿ ಬೊಂಬೆಗಳನ್ನೇ ತರುತ್ತಾರೆ. ಹದಿಮೂರು, ಹದಿನಾಲ್ಕರ ಮಕ್ಕಳು ಬರಿಗೈಯಲ್ಲಿ ನಿಂತು ಚಿಕ್ಕವರನ್ನು ನೋಡುತ್ತಿರುತ್ತಾರೆ. ಅದನ್ನು ಕಂಡರೆ ಕರುಳು ಚುರುಕ್ಕೆನ್ನುತ್ತದೆ. ಅವರಿಗೆ ಗಟ್ಟಿ ಹೊಲಿಗೆಯ ಶಾಲಾ ಬ್ಯಾಗ್, ಕೈಗಡಿಯಾರ, ಕಂಪಾಸ್ ಪೆಟ್ಟಿಗೆ ಕೊಡಿ. ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಅಬ್ದುಲ್ ರೆಹಮಾನ್ ಸ್ಟ್ರೀಟ್‌ನಲ್ಲಿ ಇವೆಲ್ಲ ಸಗಟು ದರಕ್ಕೆ ಸಿಗುತ್ತವೆ. ಪೆಟ್ಟಿಗೆಯನ್ನು ಅಲ್ಲೇ ತೆರೆದು ನೋಡಿ. ಕೈವಾರಕ್ಕೆ ಪೆನ್ಸಿಲ್ ಸಿಕ್ಕಿಸಿ ಒಂದು ವೃತ್ತ ಎಳೆಯಿರಿ. ತಿರುಪು ಸಡಿಲವಿದ್ದರೆ ಗೆರೆಯ ಕೊನೆ ಮೊದಲನ್ನು ಸೇರುವುದಿಲ್ಲ, ಅಂಥದ್ದು ಬೇಡ. ಫುಟ್‌ಬಾಲ್ ಕೊಂಡರೆ ಪಂಪು, ಸೂಜಿ ಜೊತೆಗಿರಲಿ. ಕೇರಂ ಬೋರ್ಡಾದರೆ ಸ್ಟ್ರೈಕರ್, ಪೌಡರ್ ಮರೆಯಬೇಡಿ. ಬೆಳೆದ ಹೆಣ್ಣುಮಕ್ಕಳಿಗೆ ಒಳಉಡುಪು, ಪ್ಯಾಡ್ ಬೇಕಿರುತ್ತದೆ, ಬಾಯಿಬಿಟ್ಟು ಕೇಳುವುದಿಲ್ಲ. ಅಲ್ಲಿಯ ಹೆಣ್ಣುಮಕ್ಕಳ ಮೇಲ್ವಿಚಾರಕಿಯನ್ನು ನೀವೇ ವಿಚಾರಿಸಿ.

ಆಟಿಕೆಯ ಮೇಲೆ ಐಎಸ್‌ಐ ಗುರುತಿದೆಯೇ ನೋಡಿ, 2021ರ ಜನವರಿಯಿಂದ ಅದು ಕಡ್ಡಾಯ. ಮೂರು ವರ್ಷದೊಳಗಿನವರಿಗೆ ಬಾಯಿಗೆ ಹೋಗುವಷ್ಟು ಸಣ್ಣ ಬಿಡಿಭಾಗಗಳಿರುವುದು ಬೇಡವೇ ಬೇಡ. ಗುಂಡಿಯಂಥ ಚಪ್ಪಟೆ ಸೆಲ್ ನುಂಗಿದರೆ ಅನ್ನನಾಳ ಸುಟ್ಟುಹೋಗಬಹುದು, ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ಮನೆಯ ಹಳೆಯ ಆಟಿಕೆ ಕೊಡುವುದಾದರೆ ತೊಳೆದು ಒರೆಸಿ, ನಿಮ್ಮ ಮಗುವಿಗೇ ಮತ್ತೆ ಕೊಡುವಂತಿದ್ದರೆ ಮಾತ್ರ ಕೊಡಿ.

ಒಂದೇ ವಯಸ್ಸಿನವರಿಗೆ ಒಂದೇ ಬೆಲೆಯದು ತನ್ನಿ, ಬಣ್ಣ ಅವರೇ ಆರಿಸಿಕೊಳ್ಳಲಿ. ಆಮೇಲೆ ಮಾರ್ಕರ್‌ನಲ್ಲಿ ಆ ಮಗುವಿನ ಹೆಸರು ಬರೆಸಿ. ಎಲ್ಲವನ್ನೂ ಹಂಚಿಕೊಂಡೇ ಬೆಳೆಯುವ ಮಕ್ಕಳಿಗೆ ತನ್ನದೆಂಬುದು ಒಂದಾದರೂ ಬೇಕು.

ಫೋಟೋ ತೆಗೆದು ವಾಟ್ಸ್‌ಆಪ್‌ನಲ್ಲಿ ಹಾಕಬೇಡಿ. ಆಶ್ರಮದ ಮಕ್ಕಳ ಗುರುತು ಬಹಿರಂಗಪಡಿಸುವುದಕ್ಕೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ನಿಷೇಧವಿದೆ. ಕಾಯ್ದೆ ಇಲ್ಲದಿದ್ದರೂ ಹಾಗೆ ಮಾಡಬಾರದು.

ಇನ್ನೊಂದು ಮಾತು. ಹಬ್ಬಕ್ಕೆಂದು ತೆಗೆದಿಟ್ಟ ಹಣವನ್ನೆಲ್ಲ ಈಗಲೇ ಖರ್ಚು ಮಾಡಬೇಡಿ. ಜೂನ್‌ನಲ್ಲಿ ಮಳೆಯೂ ಶಾಲೆಯೂ ಒಟ್ಟಿಗೇ ಶುರುವಾದಾಗ ರೇನ್‌ಕೋಟ್, ಮಳೆ ಚಪ್ಪಲಿ ಬೇಕಾಗುತ್ತವೆ. ಆಗ ಕೊಡುವವರು ಕಡಿಮೆ. ಮೇ ತಿಂಗಳಲ್ಲಿ ಮತ್ತೊಮ್ಮೆ ಅಳತೆ ಕೇಳಿಕೊಳ್ಳಿ, ಅಷ್ಟರಲ್ಲಿ ಮಕ್ಕಳು ಬೆಳೆದಿರುತ್ತಾರೆ.