ಹೋಮ್‌ಸ್ಟೇಯಲ್ಲಿ ಅಭಿಪ್ರಾಯ ಪುಸ್ತಕ ಇಡುವವರಿಗೆ

ಅತಿಥಿಗಳಿಗೆ ಬರೆಯೋಕೆ ಪುಸ್ತಕ ಇಡಬೇಕಾ ಅಂತ ಕೇಳುವವರಿಗೆ: ಖಂಡಿತ ಇಡಿ. ಆದರೆ ಹೊರಡುವ ಹೊತ್ತಿಗೆ ಕೈಗೆ ಕೊಡಬೇಡಿ. ಬ್ಯಾಗ್ ಹೆಗಲಿಗೇರಿಸಿದವರು 'ಸೂಪರ್' ಅಂತ ಗೀಚಿ ಹೋಗ್ತಾರೆ. ಹಿಂದಿನ ರಾತ್ರಿ ಊಟ ಆದಮೇಲೆ ಕೊಡಿ. ಪುಟದ ಮೇಲ್ಗಡೆ ಎರಡೇ ಪ್ರಶ್ನೆ ಇರಲಿ: ಬಿಸಿನೀರು ಬರೋಕೆ ಎಷ್ಟು ಹೊತ್ತಾಯ್ತು? ಊಟದಲ್ಲಿ ಯಾವುದು ತಟ್ಟೆಯಲ್ಲೇ ಉಳೀತು? ಮೊಬೈಲ್ ನಂಬರ್ ಕೇಳಲೇಬೇಡಿ, ಮುಂದೆ ಬರೋರೂ ಓದುವ ಪುಸ್ತಕ ಅದು.

ದೂರು ಬರೆದ ಹಾಳೆ ಕೀಳಬೇಡಿ. ಹೊಲಿಗೆಯ ನೋಟ್‌ಬುಕ್ಕಲ್ಲಿ ಒಂದು ಕಿತ್ತರೆ ಅದರ ಜೋಡಿ ಹಾಳೆಯೂ ಸಡಿಲವಾಗುತ್ತೆ, ಮುಚ್ಚಿಟ್ಟದ್ದು ಎಲ್ಲರಿಗೂ ತಿಳಿಯುತ್ತೆ. ಅದರ ಕೆಳಗೇ ತಾರೀಕು ಹಾಕಿ, 'ಗೀಸರ್ ಕಾಯಿಲ್ ಬದಲಾಯಿಸಿದ್ದೇವೆ' ಅಂತ ಮಾಡಿದ ಕೆಲಸ ಬರೀರಿ. ಕಕ್ಕಡದ (ಕೊಡಗಿನಲ್ಲಿ ಜೋರು ಮಳೆಯ ತಿಂಗಳು) ತೇವಕ್ಕೆ ಜೆಲ್ ಪೆನ್ನಿನ ಶಾಯಿ ಹರಡುತ್ತೆ. ಬಾಲ್ ಪೆನ್ ದಾರ ಕಟ್ಟಿ ಇಡಿ.