ರೂಮ್ ಹುಡುಕುವಾಗ ನಾನು ಡೈಸ್ ಉರುಳಿಸೋದು ಯಾವಾಗ

ಟೇಬಲ್ ಸುತ್ತ ಕೂತು ಪಾತ್ರಗಳಾಗಿ ಕಥೆ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ (ಡಿ ಅಂಡ್ ಡಿ) ಹೊಡೆದಾಟಕ್ಕೆ ಪುಟಗಟ್ಟಲೆ ನಿಯಮ ಇದೆ. ಹುಡುಕಾಟಕ್ಕೆ ಮಾತ್ರ ಎಷ್ಟೋ ಟೇಬಲ್‌ಗಳಲ್ಲಿ ಒಂದೇ ಮಾತು: "ರೂಮ್ ಹುಡುಕ್ತೀನಿ." ಡಿ20, ಅಂದರೆ ಇಪ್ಪತ್ತು ಮುಖದ ಡೈಸ್ ಉರುಳುತ್ತದೆ, ಸಾಲದ 7 ಬೀಳುತ್ತದೆ, ಆಟ ನಡೆಸುವ ಡಿಎಂ "ಏನೂ ಸಿಗಲಿಲ್ಲ" ಅನ್ನುತ್ತಾರೆ. ಪಕ್ಕದವನು "ಹಾಗಾದ್ರೆ ನಾನೂ ನೋಡ್ತೀನಿ" ಅಂತ ಡೈಸ್ ಎತ್ತಿಕೊಳ್ಳುತ್ತಾನೆ. ಆಮೇಲೆ ಇನ್ನೊಬ್ಬ. ಒಬ್ಬೊಬ್ಬರಿಗೂ ಅರ್ಧಕ್ಕರ್ಧ ಅವಕಾಶ ಇದೆ ಅಂದುಕೊಳ್ಳಿ. ಐದು ಜನ ಉರುಳಿಸಿದರೆ ಐವರೂ ಸೋಲುವುದು 32ಕ್ಕೆ ಒಂದು ಸಲ. ಹೇಗಿದ್ರೂ ಸಿಗೋದಕ್ಕೆ ಇಷ್ಟೊಂದು ಡೈಸ್ ಯಾಕೆ? ಒಬ್ಬರಿಗಷ್ಟೇ ಬಿಟ್ಟರೆ ಇನ್ನೊಂದು ತೊಂದರೆ. ಆ 7 ಬಿದ್ದ ಕೂಡಲೇ ಕಥೆಯೇ ನಿಂತುಬಿಡುತ್ತದೆ.

ಹಾಗಾಗಿ ನನ್ನ ಟೇಬಲ್‌ನಲ್ಲಿ ಕಥೆ ಮುಂದಕ್ಕೆ ಹೋಗಲು ಬೇಕೇ ಬೇಕಾದ ಸುಳಿವಿಗೆ ಡೈಸ್ ಇಲ್ಲ. ಸರಿಯಾದ ಜಾಗದಲ್ಲಿ ಕೈಯಾಡಿಸಿದರೆ ಸಿಗುತ್ತದೆ, ಅಷ್ಟೇ. ರಾಬಿನ್ ಲಾಸ್ ರೂಪಿಸಿದ ಗಮ್‌ಶೂ ಅನ್ನುವ ಪತ್ತೇದಾರಿ ಆಟಗಳ ಮೂಲ ವಿಚಾರ ಇದು. ಅದನ್ನು ಡಿ ಅಂಡ್ ಡಿಗೆ ತಂದುಕೊಂಡೆ. ಸುಳಿವು ಸಿಗಲು ಏನು ಬೆಲೆ ಕೊಡಬೇಕಾಯಿತು ಅನ್ನೋದಕ್ಕೆ ಮಾತ್ರ ಡೈಸ್.

ನಾನು ಆಡಿಸಿದ ಒಂದು ರೂಮ್ ನೋಡಿ. ಬಂದರು ಊರಿನ ದವಸದ ವ್ಯಾಪಾರಿಯೊಬ್ಬ ಕಾಣೆಯಾಗಿದ್ದಾನೆ. ರಾತ್ರಿ ಹೊತ್ತು, ಅವನ ಮಂಡಿಯ ಮೇಲಿನ ಕೋಣೆ. ಬಾಗಿಲು ತೆಗೆದ ಕೂಡಲೇ ಕಾಣುವುದನ್ನು ಕೇಳದೆಯೇ ಹೇಳುತ್ತೇನೆ: ಮೇಜು, ಗೋಡೆಗೆ ಒತ್ತಿದ ಮರದ ಬೀರು, ಎರಡು ಲೋಟ, ಆರಿದ ಮೇಣದಬತ್ತಿ. ಪ್ಯಾಸಿವ್ ಪರ್ಸೆಪ್ಷನ್, ಅಂದರೆ ಡೈಸ್ ಉರುಳಿಸದೆಯೇ ಪಾತ್ರದ ಗಮನಕ್ಕೆ ಎಷ್ಟು ಬರುತ್ತದೆ ಅನ್ನುವ ಅಳತೆ, ಕೆಲಸಕ್ಕೆ ಬರುವುದು ಇಲ್ಲೇ. 10ಕ್ಕೆ ಆ ಪಾತ್ರದ ಪರ್ಸೆಪ್ಷನ್ ಬೋನಸ್ ಸೇರಿಸಿದರೆ ಬರುವ ಸಂಖ್ಯೆ ಅದು. 14 ಇರುವವಳಿಗೆ "ಮೇಣ ಇನ್ನೂ ಮೆತ್ತಗಿದೆ" ಅಂತ ಸೇರಿಸಿ ಹೇಳಿದೆ. ಅಂದರೆ ಯಾರೋ ಈಗಷ್ಟೇ ಇಲ್ಲಿದ್ದರು.

ನನ್ನ ನೋಟ್‌ಬುಕ್‌ನಲ್ಲಿ ಪ್ರತಿ ವಸ್ತುವಿನ ಮುಂದೆ ಎರಡು ಸಾಲು ಇರುತ್ತದೆ. ನೋಡಿದರೆ ಏನು ಕಾಣುತ್ತದೆ, ಮುಟ್ಟಿದರೆ ಏನು ಸಿಗುತ್ತದೆ. ಯಾರಾದರೂ "ಹುಡುಕ್ತೀನಿ" ಅಂದರೆ ನಾನು ಕೇಳುವುದು ಒಂದೇ: "ಎಲ್ಲಿ, ಹೇಗೆ?"

"ಬೀರು ತೆಗೀತೀನಿ."

"ಲೆಕ್ಕದ ಪುಸ್ತಕಗಳಿವೆ. ನೆಲದ ಹಲಗೆ ಮೇಲೆ ಕಮಾನಿನ ಹಾಗೆ ಒಂದು ಗೀರು ಇದೆ."

"ಓ, ಬೀರು ತಿರುಗುತ್ತೆ! ತಳ್ತೀನಿ."

ಹಿಂದಿನ ಬಾಗಿಲು ಸಿಕ್ಕೇಬಿಟ್ಟಿತು. ಪರ್ಸೆಪ್ಷನ್ ಇಲ್ಲ, ಇನ್ವೆಸ್ಟಿಗೇಷನ್ (ಸುಳಿವು ಕೆದಕುವ ಕೌಶಲ) ಇಲ್ಲ. ಡೈಸ್ ಬಂದಿದ್ದು ಆಮೇಲೆ. ಕೆಳಗೆ ಕಾವಲುಗಾರ ಇದ್ದ, ಬೀರು ಕಿರ್ರ್ ಅಂದಿತ್ತು. ಸ್ಟೆಲ್ತ್‌ಗೆ (ಸದ್ದಾಗದಂತೆ ಇರುವ ಕೌಶಲ) ಡೈಸ್ ಉರುಳಿಸಿದರು, ಕಡಿಮೆ ಬಿತ್ತು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಶುರುವಾಯಿತು. ಸೋತರೂ ಆಟ ಮುಂದಕ್ಕೇ ಹೋಯಿತು, ಅಲ್ವಾ?

ಅವಸರವೇ ಇಲ್ಲದ ರೂಮ್‌ನಲ್ಲಿ ಹುಡುಕಾಟ ಸಪ್ಪೆ. ಹಳಬರಿಗೆ ಇದು ಚೆನ್ನಾಗಿ ಗೊತ್ತಿತ್ತು. 1981ರ ಡಿ ಅಂಡ್ ಡಿ ಬೇಸಿಕ್ ನಿಯಮಗಳಲ್ಲಿ ಗುಪ್ತ ಬಾಗಿಲು ಹುಡುಕಲು ಒಂದು ಟರ್ನ್, ಅಂದರೆ 10 ನಿಮಿಷ. ಪಂಜು ಉರಿಯುವುದು 6 ಟರ್ನ್ ಮಾತ್ರ. ಎರಡು ಟರ್ನ್‌ಗೊಮ್ಮೆ ಡಿಎಂ ಆರು ಮುಖದ ಡಿ6 ಉರುಳಿಸಬೇಕು, 1 ಬಿದ್ದರೆ ಅಲೆದಾಡುವ ಪ್ರಾಣಿ ಹಾಜರ್. ಇನ್ನೂ ಒಂದು ಗೋಡೆ ತಟ್ಟಿ ನೋಡೋಣವಾ ಅನ್ನೋದೇ ಆಗ ದೊಡ್ಡ ತೀರ್ಮಾನ. ಇದನ್ನು ಹಾಗೇ ಎತ್ತಿಕೊಂಡಿದ್ದೇನೆ. ಒಂದು ಚೀಟಿಯಲ್ಲಿ ಆರು ಚೌಕ ಬರೆದು ಟೇಬಲ್ ಮಧ್ಯೆ ಇಡುತ್ತೇನೆ. ಒಂದು ವಸ್ತುವನ್ನು ಪೂರ್ತಿ ಜಾಲಾಡಿದರೆ ಒಂದು ಚೌಕಕ್ಕೆ ಗೀಟು. ಆರೂ ಮುಗಿದರೆ ಯಾರೋ ಬರುತ್ತಾರೆ, ಅಥವಾ ಬೆಳಗಾಗುತ್ತದೆ. ಚೀಟಿ ಎಲ್ಲರ ಕಣ್ಣೆದುರೇ ಇರುವುದರಿಂದ ಮಾತೇ ಬದಲಾಗುತ್ತದೆ: "ಮೇಜು ಬಿಡಿ, ಲೆಕ್ಕದ ಪುಸ್ತಕ ನೋಡೋಣ." ಅಪಾಯವೂ ಇಲ್ಲ, ಗಡಿಬಿಡಿಯೂ ಇಲ್ಲ ಅಂದರೆ ಚೀಟಿ ಇಡಲ್ಲ. ಇರುವುದೆಲ್ಲ ಕೊಟ್ಟುಬಿಡುತ್ತೇನೆ. 2000ದ ಮೂರನೇ ಎಡಿಷನ್‌ನಲ್ಲಿ ಇದಕ್ಕೆ "ಟೇಕ್ 20" ಅಂತ ನಿಯಮವೇ ಇತ್ತು. ಎರಡು ನಿಮಿಷ ಕೊಟ್ಟರೆ 20 ಬಿದ್ದ ಲೆಕ್ಕ.

ಸುಳಿವಿನ ಅರ್ಥ ಮಾತ್ರ ನಾನು ಹೇಳಲ್ಲ. ವ್ಯಾಪಾರಿಯನ್ನು ಯಾರೂ ಎತ್ತಿಕೊಂಡು ಹೋಗಿಲ್ಲ, ಅವನೇ ಓಡಿಹೋಗಿದ್ದಾನೆ ಅನ್ನೋದಕ್ಕೆ ಮೂರು ಸುಳಿವು ಇಟ್ಟಿದ್ದೆ: ಪ್ರಯಾಣದ ಬೂಟು ಇಲ್ಲ, ಸಾಲದ ಲೆಕ್ಕಗಳೆಲ್ಲ ಒಂದೇ ದಿನ ಚುಕ್ತಾ ಆಗಿವೆ, ಹಣದ ಪೆಟ್ಟಿಗೆ ಬೀಗ ಒಡೆಯದೆ ಖಾಲಿಯಾಗಿದೆ. ಒಂದು ತೀರ್ಮಾನಕ್ಕೆ ಕನಿಷ್ಠ ಮೂರು ಸುಳಿವು ಅನ್ನುವುದು ಇಂಥ ಆಟಗಳ ಬಗ್ಗೆ ಬರೆಯುವ ಜಸ್ಟಿನ್ ಅಲೆಕ್ಸಾಂಡರ್ ಹೇಳಿಕೊಟ್ಟ ಸೂತ್ರ. ಎರಡು ಕೈತಪ್ಪಿದರೂ ಒಂದು ಉಳಿಯುತ್ತದೆ. ಇವನ್ನು ಮುಂದಿಟ್ಟುಕೊಂಡು ಅವರು ವಾದ ಮಾಡುತ್ತಾರೆ, ನಾನು ಸುಮ್ನೆ ಕೂತಿರುತ್ತೇನೆ. ಇಡೀ ರಾತ್ರಿಯಲ್ಲಿ ನನಗೆ ಅತ್ಯಂತ ಖುಷಿ ಕೊಡುವ ಹೊತ್ತು ಅದು.

ನೋಡುವುದೆಲ್ಲ ಮುಗಿದಾಗ ನೇರವಾಗಿ ಹೇಳುತ್ತೇನೆ: "ಈ ರೂಮ್‌ನಲ್ಲಿ ಇನ್ನೇನೂ ಇಲ್ಲ." ಹಾಗೆ ಹೇಳಿದರೆ ಕುತೂಹಲ ಹೋಗುತ್ತದೆ ಅನ್ನುವ ಡಿಎಂಗಳಿದ್ದಾರೆ. ನಾನು ಒಪ್ಪಲ್ಲ. ಖಾಲಿ ಗೋಡೆ ತಟ್ಟುತ್ತಾ ಕೂರುವುದು ಕುತೂಹಲ ಅಲ್ಲ, ಬೇಜಾರು.

"ಎಲ್ಲಿ, ಹೇಗೆ?" ಅಂತ ಕೇಳುವುದರಲ್ಲಿ ಒಂದು ಅಪಾಯ ಇದೆ. ಮಾತು ಜಾಸ್ತಿ ಆಡುವವರಿಗೇ ಎಲ್ಲ ಸಿಗುತ್ತದೆ. ನಮ್ಮ ಗುಂಪಿನಲ್ಲಿ ವಿಝಾರ್ಡ್ (ಮಾಂತ್ರಿಕ) ಪಾತ್ರ ಆಡುವವಳು ಮೆಲುಮಾತಿನವಳು. ಅವಳ ಪಾತ್ರಕ್ಕೆ ಇನ್ವೆಸ್ಟಿಗೇಷನ್ ಪ್ಲಸ್ 6 ಇದೆ. ಅವಳು "ಲೆಕ್ಕದ ಪುಸ್ತಕ ನೋಡ್ತೀನಿ" ಅಂದರೆ ಸಾಕು, ಯಾವ ಪುಟ ಅಂತ ಕೇಳಲ್ಲ. ಕೊನೆಯ ಪುಟದ ಶಾಯಿಯ ಬಣ್ಣ ಬೇರೆ ಇದೆ ಅಂತ ಅವಳಿಗೇ ಮೊದಲು ಹೇಳುತ್ತೇನೆ. ಆ ಪ್ಲಸ್ 6 ಇರುವುದೇ ಅದಕ್ಕೆ.