ಪುಣೆಯಲ್ಲಿ ಥೀಸಿಸ್ ಬರೆಯುವ ಕನ್ನಡಿಗರಿಗೆ: ಚಿತ್ರದ ಮೂಲ ಎಲ್ಲಿ ಹುಡುಕಬೇಕು?

ಧಾರವಾಡ, ಕಲಬುರಗಿ ಕಡೆಯಿಂದ ಪಿಎಚ್.ಡಿಗೆಂದು ಪುಣೆ, ಮುಂಬೈಗೆ ಬರುವವರಿಗೆ ಪುಸ್ತಕ, ಲೇಖನಗಳ ಉಲ್ಲೇಖ ಕಷ್ಟವಲ್ಲ. ಎಡವುವುದು ಗ್ರಾಫ್, ಕೋಷ್ಟಕ, ಚಿತ್ರಗಳಲ್ಲಿ.

ಶೈಲಿಯ ಮಾತು ಬೇಗ ಮುಗಿಯುತ್ತದೆ. ಎಂಜಿನಿಯರಿಂಗ್‌ನವರು ಬಳಸುವ ಐಇಇಇ ಉಲ್ಲೇಖ ಶೈಲಿಯಲ್ಲಿ ಕೋಷ್ಟಕದ ಶೀರ್ಷಿಕೆ ಮೇಲೆ, ರೋಮನ್ ಅಂಕಿಯೊಂದಿಗೆ, ಚಿತ್ರದ್ದು ಕೆಳಗೆ. ಸಮಾಜವಿಜ್ಞಾನದವರು ಹೆಚ್ಚು ಬಳಸುವ ಎಪಿಎ ಶೈಲಿಯ ಏಳನೇ ಆವೃತ್ತಿಯಲ್ಲಿ ಎರಡರದ್ದೂ ಮೇಲೆಯೇ. ಮೂಲದ ವಿವರ ಕೆಳಗಿನ ಟಿಪ್ಪಣಿಯಲ್ಲಿ. ನನಗೆ ಎಪಿಎಯೇ ಮೇಲೆನಿಸುತ್ತದೆ. ಐಇಇಇಯಲ್ಲಿ ಮೂಲದ ಹೆಸರಿನ ಬದಲು ಬರುವ [12]ರಂಥ ಸಂಖ್ಯೆ ನೋಡಿದವರು ಕೊನೆಯ ಪುಟಕ್ಕೆ ಹೋಗಲೇಬೇಕು, ಎಪಿಎಯಲ್ಲಿ ಯಾರದೆಂಬುದು ಅಲ್ಲೇ ಕಾಣುತ್ತದೆ. ಆದರೆ ವಿಭಾಗ ಹೇಳಿದ ಶೈಲಿಯನ್ನೇ ಹಿಡಿಯಿರಿ.

ಹಣ, ಸಮಯ ಎರಡೂ ಹೋಗುವುದು ರಿವ್ಯೂ ಲೇಖನದ (ಆಗಲೇ ಪ್ರಕಟವಾದ ಸಂಶೋಧನೆಗಳನ್ನು ಒಟ್ಟಾಗಿ ಪರಿಶೀಲಿಸುವ ಲೇಖನ) ಚಿತ್ರಗಳಿಂದ. ಚಿತ್ರ ಚೆನ್ನಾಗಿದೆಯೆಂದು ತೆಗೆದುಕೊಳ್ಳುತ್ತಾರೆ, ರಿವ್ಯೂ ಪ್ರಕಟಿಸಿದವರಿಗೆ ಶುಲ್ಕ ಕಟ್ಟಿ ಅನುಮತಿಯನ್ನೂ ಪಡೆಯುತ್ತಾರೆ. ಆದರೆ ಆ ಚಿತ್ರವನ್ನು ರಿವ್ಯೂನವರೇ ಇನ್ನೊಂದು ಲೇಖನದಿಂದ ಅನುಮತಿ ಪಡೆದು ಹಾಕಿಕೊಂಡಿರುತ್ತಾರೆ! ತಮ್ಮದಲ್ಲದ್ದಕ್ಕೆ ಅವರು ಕೊಡುವ ಅನುಮತಿ ನಡೆಯುವುದಿಲ್ಲ. ಪರೀಕ್ಷಕರು ಹಿಡಿದರೆ ತಿದ್ದುಪಡಿ, ಮತ್ತೆ ಪ್ರಿಂಟ್, ಮತ್ತೆ ಬೈಂಡಿಂಗ್.

ಆದ್ದರಿಂದ ಚಿತ್ರದ ಶೀರ್ಷಿಕೆಯ ಕೊನೆಯ ಸಾಲನ್ನು ಮೊದಲು ಓದಿ. ಅಲ್ಲಿ ಬೇರೆ ಮೂಲದ ಹೆಸರಿದ್ದರೆ ಆ ಮೂಲ ಲೇಖನವನ್ನೇ ತೆರೆದು ಲೈಸೆನ್ಸ್ ನೋಡಿ. ಸಿಸಿ ಬಿವೈ (ಹೆಸರು ಹೇಳಿದರೆ ಯಾರೂ ಬಳಸಬಹುದಾದ ಮುಕ್ತ ಲೈಸೆನ್ಸ್) ಇದ್ದರೆ ಅನುಮತಿ ಬೇಡ. ಲೇಖಕರು, ಮೂಲ, ಲೈಸೆನ್ಸ್, ನೀವು ಬದಲಾಯಿಸಿದ್ದೇನು, ಇಷ್ಟನ್ನೂ ಬರೆಯಬೇಕು. ಅಂಥ ಲೈಸೆನ್ಸ್ ಇಲ್ಲದಿದ್ದರೆ ಪ್ರಕಾಶಕರ ಪುಟದ ಅನುಮತಿ ಕೊಂಡಿಯಲ್ಲಿ ಬಳಕೆ ‘ಥೀಸಿಸ್’ ಎಂದೇ ಆರಿಸಿ. ಎಷ್ಟೋ ಪ್ರಕಾಶಕರು ಇದಕ್ಕೆ ಶುಲ್ಕ ಕೇಳುವುದಿಲ್ಲ, ಬೇರೆ ಆಯ್ಕೆ ಒತ್ತಿದರೆ ಬೆಲೆ ಬರುತ್ತದೆ. ಮುದ್ರಿತ ಪ್ರತಿಗಷ್ಟೇ ಅನುಮತಿ ಸಾಲದು, ಥೀಸಿಸ್ ಯಾರೂ ಆನ್‌ಲೈನ್‌ನಲ್ಲಿ ಓದಬಹುದಾದ ಥೀಸಿಸ್ ಸಂಗ್ರಹ ಶೋಧಗಂಗಾಕ್ಕೂ ಹೋಗುತ್ತದೆ. ನಿಮ್ಮದೇ ಲೇಖನದ ಚಿತ್ರವಾದರೂ ಹಕ್ಕು ಬರೆದುಕೊಟ್ಟಿದ್ದರೆ ಪ್ರಕಾಶಕರ ಷರತ್ತು ನೋಡಿ.

ಬಣ್ಣ ಬದಲಿಸಿದರೆ ಚಿತ್ರ ನಿಮ್ಮದಾಗದು. ಅಂಕಿಗಳಿಂದ ಗ್ರಾಫ್ ನೀವೇ ಹೊಸದಾಗಿ ಎಳೆದರೆ ಚಿತ್ರ ನಿಮ್ಮದು, ಅಂಕಿಗಳ ಮೂಲ ಮಾತ್ರ ಹೇಳಲೇಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಎನ್‌ಎಫ್‌ಎಚ್‌ಎಸ್-5ರ (2019–21) ಅಂಕಿಯಾದರೆ ಮೂಲ ಅದನ್ನು ನಡೆಸಿದ ಮುಂಬೈನ ಐಐಪಿಎಸ್ ಸಂಸ್ಥೆಯ ವರದಿ, ಅದನ್ನು ಅಚ್ಚು ಹಾಕಿದ ಪತ್ರಿಕೆಯಲ್ಲ. ಕೋಷ್ಟಕದ ಸಂಖ್ಯೆ, ಪುಟವನ್ನೂ ಕೊಡಿ.

ಕೃತಿಚೌರ್ಯ ತಡೆಯುವ ಯುಜಿಸಿಯ 2018ರ ನಿಯಮದಲ್ಲಿ ಬೇರೆಯವರ ಬರಹದೊಂದಿಗೆ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ ಎಂದು ನಿಶ್ಚಿಂತರಾಗಬೇಡಿ. ತಪಾಸಣೆಯ ಸಾಫ್ಟ್‌ವೇರ್ ಓದುವುದು ಮುಖ್ಯವಾಗಿ ಪಠ್ಯವನ್ನು, ಚಿತ್ರವನ್ನು ನೋಡುವವರು ಪರೀಕ್ಷಕರು.

ಮರಾಠಿ ವರದಿಯ ಕೋಷ್ಟಕವನ್ನು ಇಂಗ್ಲಿಷಿಗೆ ತಂದರೆ ‘ಅನುವಾದ ಸಂಶೋಧಕರದು’ ಎಂದು ಟಿಪ್ಪಣಿಯಲ್ಲಿ ಸೇರಿಸಿ, ಪುಟಸಂಖ್ಯೆ ನೀವು ಓದಿದ ಮರಾಠಿ ಪ್ರತಿಯದ್ದೇ ಇರಲಿ.